ಇಂಗ್ಲಿಷಿನ ‘ರನ್’ಗೆ ಸರಿಯಾದ ಕನ್ನಡ ಮಾತು ಹುಡುಕುವುದು ಹೇಗೆ?

ತಿದ್ದಲು ನನ್ನ ಮೇಜಿಗೆ ಬರುವ ಅನುವಾದಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ಇಂಗ್ಲಿಷಿನಲ್ಲಿ ‘ರನ್’ ಕಂಡ ಕೂಡಲೇ ಕೈ ‘ಓಡು’ ಎಂದು ಬರೆದುಬಿಡುತ್ತದೆ. ‘ಮಗುವಿನ ಮೂಗು ಓಡುತ್ತಿದ್ದರೆ ವೈದ್ಯರಿಗೆ ತೋರಿಸಿ.’ ‘ಸಂಸ್ಥೆಯು ಮೂರು ಶಾಲೆಗಳನ್ನು ಓಡಿಸುತ್ತಿದೆ.’ ‘ಶಿಬಿರದಲ್ಲಿ ನಾವು ಅಕ್ಕಿಯಿಂದ ಹೊರಗೆ ಓಡಿದೆವು.’ ಇವನ್ನು ಬರೆದವರು ಕನ್ನಡ ಬಾರದವರಲ್ಲ. ಮನೆಯಲ್ಲಿ ಅವರೂ ‘ಮೂಗು ಸೋರುತ್ತಿದೆ’, ‘ಅಕ್ಕಿ ಮುಗಿದಿದೆ’ ಎಂದೇ ಮಾತನಾಡುತ್ತಾರೆ. ಇಂಗ್ಲಿಷ್ ವಾಕ್ಯ ಎದುರಿಗೆ ಬಂದಾಗ ಮಾತ್ರ ಆ ಕನ್ನಡ ಕೈಕೊಡುತ್ತದೆ.

ಅರ್ಥಗಳನ್ನೆಲ್ಲ ಉರು ಹೊಡೆದು ಇದನ್ನು ಗೆಲ್ಲಲು ಸಾಧ್ಯವಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ಕ್ರಿಯಾಪದವಾಗಿ ಬರುವ ‘ರನ್’ ಒಂದಕ್ಕೇ 645 ಅರ್ಥಗಳನ್ನು ಗುರುತಿಸಿದ್ದಾರೆ. ಆದರೆ ಕೆಲವೇ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿಕೊಂಡರೆ ಹೆಚ್ಚಿನ ವಾಕ್ಯಗಳು ಬಿಡಿಸಿಕೊಳ್ಳುತ್ತವೆ. ಕ್ರಮ ತಪ್ಪಿಸಬೇಡಿ. ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ತಪ್ಪು ದಾರಿಯಲ್ಲಿ ಬಹಳ ದೂರ ಹೋಗಿರುತ್ತೀರಿ.

## ಮೊದಲು ಕೈಗೆ ಬೇಕಾದವು

ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬೇಕು. ಭಾಷೆ ಕಲಿಯುವವರಿಗೆಂದೇ ಮಾಡಿದ್ದಾದರೆ ಒಳ್ಳೆಯದು. ಅದರಲ್ಲಿ ‘ರನ್’ ಕ್ರಿಯಾಪದ, ನಾಮಪದ ಮತ್ತು ಜೋಡಿ ಪ್ರಯೋಗಗಳು ಬೇರೆ ಬೇರೆಯಾಗಿ ಸಿಗುತ್ತವೆ. ಹಿಂದಿರುಗಿ ಪರೀಕ್ಷಿಸಲು ಒಂದು ಕನ್ನಡ-ಇಂಗ್ಲಿಷ್ ನಿಘಂಟು ಇರಲಿ; ಅಂತರಜಾಲದಲ್ಲಿ ಉಚಿತವಾಗಿ ಸಿಗುವ ‘ಅಲರ್’ ಇದಕ್ಕೆ ಸಾಕು. ಇವುಗಳ ಜೊತೆಗೆ ಒಂದು ನೋಟ್ ಪುಸ್ತಕ.

ಇಂಗ್ಲಿಷ್-ಕನ್ನಡ ನಿಘಂಟನ್ನು ಮೊದಲೇ ತೆರೆಯಬೇಡಿ. ಅಲ್ಲಿ ಮೊದಲು ಕಣ್ಣಿಗೆ ಬೀಳುವ ಅರ್ಥ ‘ಓಡು’. ಒಮ್ಮೆ ಅದು ಮನಸ್ಸಿನಲ್ಲಿ ಕೂತರೆ ಕದಲಿಸುವುದು ಕಷ್ಟ. ಅರ್ಥ ಖಚಿತವಾದ ಮೇಲೆ ಕನ್ನಡ ಪದ ಸಿಗದಿದ್ದರೆ ಆಗ ಅದರ ಸಹಾಯ ಪಡೆಯಿರಿ. ಮೊಬೈಲಿನ ಯಾಂತ್ರಿಕ ಅನುವಾದಕ್ಕೂ ಇದೇ ನಿಯಮ.

## ಹಂತ 1: ಹಿಂದೆ ಬಾಲ ಇದೆಯೇ ನೋಡಿ

‘ರನ್’ ಪದದ ಬಳಿಯಲ್ಲಿ ಔಟ್, ಓವರ್, ಇನ್‌ಟು, ಅಪ್, ಡೌನ್, ಥ್ರೂ, ಆಫ್, ಅವೇ ಇವುಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ಎರಡನ್ನೂ ಸೇರಿಸಿ ಪೆನ್ಸಿಲಿನಿಂದ ಒಂದೇ ವೃತ್ತ ಹಾಕಿ. ಇನ್ನು ಮುಂದೆ ಅದು ಒಂದೇ ಪದ. ಬಿಡಿಸಿ ಅನುವಾದಿಸುವಂತಿಲ್ಲ. ನಾನು ತಿದ್ದುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ, ಹಾಗಾಗಿ ಈ ಹಂತದಲ್ಲಿ ಅವಸರ ಬೇಡ.

‘ರನ್ ಔಟ್ ಆಫ್’ ಎಂದರೆ ಮುಗಿದುಹೋಗುವುದು. ‘ರನ್ ಅವೇ’ ಎಂದರೆ ಓಡಿಹೋಗುವುದು. ಇಲ್ಲಿ ಮಾತ್ರ ನಮ್ಮ ಓಟ ಸರಿಯಾಗಿ ಕೂಡುತ್ತದೆ. ಇವೆರಡೂ ಸುಲಭ. ಬಾಲ ಒಂದೇ ಇದ್ದು ಅರ್ಥ ಹಲವಾದಾಗ ತೊಡಕು ಶುರುವಾಗುತ್ತದೆ.

‘ರನ್ ಓವರ್’ ತೆಗೆದುಕೊಳ್ಳಿ. ಲಾರಿ ನಾಯಿಯನ್ನು ‘ರನ್ ಓವರ್’ ಮಾಡಿದರೆ ನಾಯಿಯ ಮೇಲೆ ಲಾರಿ ಹರಿದಿದೆ. ಸಭೆ ‘ರನ್ ಓವರ್’ ಆದರೆ ನಿಗದಿತ ಸಮಯ ಮೀರಿದೆ. ಪಾತ್ರೆಯಲ್ಲಿನ ಹಾಲು ‘ರನ್ ಓವರ್’ ಆದರೆ ಉಕ್ಕಿ ಚೆಲ್ಲಿದೆ. ಭಾಷಣದ ಟಿಪ್ಪಣಿಗಳನ್ನು ‘ರನ್ ಓವರ್’ ಮಾಡಿದರೆ ಅವುಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಲಾಗಿದೆ.

‘ರನ್ ಇನ್‌ಟು’ ಕೂಡ ಹಾಗೆಯೇ. ಹಳೆಯ ಗೆಳೆಯನನ್ನು ಕುರಿತದ್ದಾದರೆ ಅನಿರೀಕ್ಷಿತವಾಗಿ ಸಿಕ್ಕನು ಎಂದರ್ಥ. ವಿದ್ಯುತ್ ಕಂಬದ ವಿಷಯವಾದರೆ ಡಿಕ್ಕಿ. ತೊಂದರೆಯ ವಿಷಯವಾದರೆ ತೊಂದರೆ ಎದುರಾಯಿತು. ನಷ್ಟ ‘ರನ್ಸ್ ಇನ್‌ಟು ಕ್ರೋರ್ಸ್’ ಎಂದರೆ ನಷ್ಟ ಕೋಟಿಗಟ್ಟಲೆ ಆಗಿದೆ. ‘ನಷ್ಟ ಕೋಟಿಗಳ ಒಳಗೆ ಓಡುತ್ತದೆ’ ಎಂಬ ವಾಕ್ಯವನ್ನು ನಾನು ಅಚ್ಚಿನಲ್ಲಿ ಕಂಡಿದ್ದೇನೆ, ಕಂಡು ಸಂಕಟಪಟ್ಟಿದ್ದೇನೆ.

‘ರನ್ ಡೌನ್’ ಬಂದಾಗ ಬ್ಯಾಟರಿ ಇಳಿದಿರಬಹುದು, ಕಟ್ಟಡ ಪಾಳು ಬಿದ್ದಿರಬಹುದು, ಮನುಷ್ಯ ಸೋತು ಸೊರಗಿರಬಹುದು, ಇಲ್ಲವೇ ಯಾರೋ ಯಾರನ್ನೋ ಹೀಯಾಳಿಸುತ್ತಿರಬಹುದು. ‘ರನ್ ಅಪ್’ ಸಾಲದ ಜೊತೆ ಬಂದರೆ ಸಾಲ ಬೆಳೆಸುವುದು. ಚುನಾವಣೆಯ ಜೊತೆ ‘ರನ್-ಅಪ್’ ಬಂದರೆ ಚುನಾವಣೆಗೆ ಮುಂಚಿನ ದಿನಗಳು. ‘ರನ್-ಆಫ್’ ಕೃಷಿಯ ಬರಹದಲ್ಲಿ ಇಂಗದೆ ಹರಿದುಹೋಗುವ ಮಳೆನೀರು, ಫ್ರಾನ್ಸಿನ ಅಧ್ಯಕ್ಷ ಚುನಾವಣೆಯ ಸುದ್ದಿಯಲ್ಲಿ ಎರಡನೆಯ ಸುತ್ತಿನ ಮತದಾನ.

ಬಾಲವಾಗಿ ಗುಣವಾಚಕವೂ ಬರುತ್ತದೆ. ‘ರನ್ ಡ್ರೈ’ ಎಂದರೆ ಬತ್ತುವುದು. ‘ರನ್ ಶಾರ್ಟ್’ ಎಂದರೆ ಸಾಲದೆ ಬರುವುದು. ರೈಲು ‘ರನ್ನಿಂಗ್ ಲೇಟ್’ ಎಂದರೆ ತಡವಾಗಿ ಬರುತ್ತಿದೆ.

ಸಾಮಾನ್ಯ ತಪ್ಪು: ಬಾಲ ಯಾವಾಗಲೂ ಅಂಟಿಕೊಂಡೇ ಇರುವುದಿಲ್ಲ. ‘ರನ್’ ಮತ್ತು ‘ಡೌನ್’ ನಡುವೆ ಮೂರು ನಾಲ್ಕು ಪದ ಇರಬಹುದು. ವಾಕ್ಯದ ಪೂರ್ಣವಿರಾಮದವರೆಗೂ ಓದಿಯೇ ವೃತ್ತ ಹಾಕಿ.

## ಹಂತ 2: ಕ್ರಿಯೆಯೋ, ಹೆಸರೋ?

‘ರನ್’ಗೆ ಮೊದಲು ‘ಎ’ ಅಥವಾ ‘ದ’ ಇದ್ದರೆ ಅದು ನಾಮಪದ. ‘ಎ ರನ್ ಆಫ್ ಬ್ಯಾಡ್ ಲಕ್’ ಎಂದರೆ ಒಂದರ ಹಿಂದೊಂದು ಬಂದ ಕೆಟ್ಟ ಗಳಿಗೆಗಳು. ‘ಇನ್ ದ ಲಾಂಗ್ ರನ್’ ಎಂದರೆ ದೀರ್ಘಕಾಲದಲ್ಲಿ, ಮುಂದೆ ಹೋಗುತ್ತಾ. ಬ್ಯಾಂಕಿನ ಮೇಲೆ ‘ರನ್’ ಎಂದರೆ, ಬ್ಯಾಂಕ್ ಮುಳುಗೀತು ಎಂಬ ಭಯದಿಂದ ಠೇವಣಿದಾರರು ಹಣ ವಾಪಸ್ ಪಡೆಯಲು ಮುಗಿಬೀಳುವುದು.

‘ಡ್ರೈ ರನ್’ ಎಂಬುದನ್ನು 2021ರ ಜನವರಿಯಲ್ಲಿ ಎಲ್ಲರೂ ಕೇಳಿದ್ದೇವೆ, ಕೋವಿಡ್ ಲಸಿಕೆ ಹಾಕುವ ಮೊದಲು ದೇಶದಾದ್ಯಂತ ನಡೆದದ್ದು ಅದೇ. ‘ತಾಲೀಮು’ ಎಂಬ ಮಾತು ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಗರಡಿಮನೆಯಿಂದ ನಾಟಕದ ಅಂಗಳದವರೆಗೆ ಬಳಕೆಯಲ್ಲಿರುವ ಪದ.

ಒಂದು ಪ್ರಯೋಗ ಈ ಎರಡು ಬಗೆಗೂ ಸೇರುವುದಿಲ್ಲ. ‘ತ್ರೀ ಡೇಸ್ ರನ್ನಿಂಗ್’ ಎಂದರೆ ಸತತ ಮೂರು ದಿನ. ಎಣಿಕೆಯ ಹಿಂದೆ ‘ರನ್ನಿಂಗ್’ ಬಂದರೆ ‘ಸತತ’ ಎಂದು ಬರೆದು ಮುಂದೆ ಹೋಗಿ.

## ಹಂತ 3: ‘ರನ್’ ಆಗುತ್ತಿರುವುದು ಯಾವುದು?

ಇಡೀ ಕೆಲಸದ ಜೀವಾಳ ಇದು. ಬಾಲ ಇಲ್ಲ, ಕ್ರಿಯಾಪದವೇ ಹೌದು ಎಂದು ಗೊತ್ತಾದ ಮೇಲೆ ‘ರನ್’ ಎಂಬ ಪದವನ್ನೇ ಮರೆತುಬಿಡಿ. ಕರ್ತೃ ಯಾವುದೆಂದು ನೋಡಿ. ನಂತರ ಕೇಳಿಕೊಳ್ಳಿ: ಈ ವಸ್ತು ಕನ್ನಡದಲ್ಲಿ ಏನು ಮಾಡುತ್ತದೆ? ನದಿಯ ಬಗ್ಗೆ, ಅಂಗಡಿಯ ಬಗ್ಗೆ, ಗೋಡೆಯ ಬಿರುಕಿನ ಬಗ್ಗೆ ಮಾತನಾಡುವಾಗ ನಿಮ್ಮ ಅಜ್ಜಿ ಯಾವ ಕ್ರಿಯಾಪದ ಬಳಸುತ್ತಿದ್ದರೋ ಉತ್ತರ ಅದೇ.

ದ್ರವಗಳಲ್ಲಿ ಕನ್ನಡದ ಸಿರಿ ಎದ್ದು ಕಾಣುತ್ತದೆ. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವಲ್ಲಿ ನಮಗೆ ಬೇರೆ ಬೇರೆ ಕ್ರಿಯೆಗಳಿವೆ. ನದಿ ಹರಿಯುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ಮೂಗು ಸೋರುತ್ತದೆ. ಬೆವರು ಇಳಿಯುತ್ತದೆ. ಹೊಸ ಸೀರೆ ನೆನೆಸಿದರೆ ಬಣ್ಣ ಬಿಡುತ್ತದೆ. ಕೊನೆಯದರಲ್ಲಿ ಎಚ್ಚರ ಬೇಕು. ದ್ರವವೆಂದ ಮೇಲೆ ‘ಹರಿ’ ಎಂದುಕೊಂಡು ‘ಸೀರೆಯ ಬಣ್ಣ ಹರಿಯಿತು’ ಎಂದು ಬರೆದರೆ ಓದುಗರು ಸೀರೆಯೇ ಹರಿಯಿತೇನೋ ಎಂದು ತಡವರಿಸುತ್ತಾರೆ, ಏಕೆಂದರೆ ಬಟ್ಟೆಯ ಜೊತೆ ‘ಹರಿ’ ಬಂದರೆ ನಮಗೆ ಚಿಂದಿಯ ನೆನಪಾಗುತ್ತದೆ. ‘ಹರಿ’ಯೂ ಹಲವು ಅರ್ಥಗಳ ಪದ: ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಅಂಗಿ ಹರಿಯುತ್ತದೆ, ಬೆಳಕು ಹರಿಯುತ್ತದೆ.

ಮನೆಯ ಜಾಹೀರಾತಿನಲ್ಲಿ ‘ರನ್ನಿಂಗ್ ವಾಟರ್’ ಎಂದಿದ್ದರೆ ಹಿತ್ತಲಲ್ಲಿ ತೊರೆ ಇದೆ ಎಂದಲ್ಲ, ನಲ್ಲಿ ನೀರಿನ ಸೌಲಭ್ಯ ಇದೆ ಎಂದು. ಗಾಯ ತೊಳೆಯುವ ಸೂಚನೆಯಲ್ಲಿ ಅದೇ ಮಾತು ಬಂದರೆ ಬಕೆಟ್ಟಿನಲ್ಲಿ ನಿಂತ ನೀರು ಬೇಡ, ನಲ್ಲಿ ಬಿಟ್ಟು ಅದರ ಕೆಳಗೆ ಹಿಡಿದು ತೊಳೆಯಿರಿ ಎಂದು.

ವಾಹನ ಮತ್ತು ಯಂತ್ರಗಳಲ್ಲಿ ‘ಓಡು’ ಹಲವು ಕಡೆ ಸರಿಹೋಗುತ್ತದೆ. ಬಸ್ಸು ಓಡುತ್ತದೆ, ಮೋಟಾರ್ ಓಡುತ್ತದೆ. ಆದರೆ ಫ್ಯಾನ್ ತಿರುಗುತ್ತದೆ. ನಿಂತಿರುವ ಕಾರಿನ ಎಂಜಿನ್ ಚಾಲೂ ಇರುತ್ತದೆ. ವೇಳಾಪಟ್ಟಿಯ ಮಾತಾದರೆ ಕ್ರಿಯಾಪದವೇ ಬದಲಾಗುತ್ತದೆ: ಹತ್ತು ನಿಮಿಷಕ್ಕೊಂದು ಬಸ್ ‘ರನ್’ ಆಗುತ್ತದೆ ಎಂದರೆ ಹತ್ತು ನಿಮಿಷಕ್ಕೊಂದು ಬಸ್ ಇದೆ, ಅಷ್ಟೇ. ‘ರನ್ಸ್ ಆನ್ ಡೀಸೆಲ್’ ಎಂಬಲ್ಲಿ ‘ಆನ್’ ಕಂಡು ‘ಡೀಸೆಲ್ ಮೇಲೆ ಓಡುತ್ತದೆ’ ಎನ್ನಬೇಡಿ. ಡೀಸೆಲ್‌ನಿಂದ ಓಡುತ್ತದೆ.

ಸಂಸ್ಥೆ, ಅಂಗಡಿ, ಮನೆ, ಶಾಲೆ ಇವೆಲ್ಲ ನಡೆಯುತ್ತವೆ. ರಸ್ತೆ, ಬೇಲಿ, ಬೆಟ್ಟದ ಸಾಲು ಇವು ಸುಮ್ಮನೆ ಇರುವ ವಸ್ತುಗಳು, ಅವನ್ನು ಓಡಿಸುವ ಹಂಬಲ ಬೇಡ. ರಸ್ತೆ ಹೊಳೆಯ ಪಕ್ಕದಲ್ಲೇ ಸಾಗುತ್ತದೆ, ಪಶ್ಚಿಮ ಘಟ್ಟ ಕರಾವಳಿಯುದ್ದಕ್ಕೂ ಚಾಚಿಕೊಂಡಿದೆ, ಗೋಡೆ ಮೇಲಿಂದ ಕೆಳಗಿನವರೆಗೂ ಬಿರುಕು ಬಿಟ್ಟಿದೆ. ವರದಿ ನೂರು ಪುಟಗಳಿಗೆ ‘ರನ್’ ಆದರೆ ವರದಿ ನೂರು ಪುಟ ಇದೆ. ಪತ್ರಿಕೆ ಸುದ್ದಿಯನ್ನು ‘ರನ್’ ಮಾಡಿದರೆ ಪ್ರಕಟಿಸಿದೆ.

ಮನುಷ್ಯರು ಕರ್ತೃವಾದಾಗ ಕಾಲುಗಳಿವೆಯಲ್ಲ ಎಂದು ಮೈಮರೆಯಬೇಡಿ. ಅಮೆರಿಕದ ಸುದ್ದಿಯಲ್ಲಿ ಒಬ್ಬರು ಅಧ್ಯಕ್ಷ ಸ್ಥಾನಕ್ಕೆ ‘ರನ್’ ಆಗುತ್ತಾರೆ. ನಮ್ಮಲ್ಲಿ ಚುನಾವಣೆಗೆ ನಿಲ್ಲುತ್ತಾರೆ. ಅವರ ಓಟ ನಮ್ಮ ನಿಲುವು! ಅವರ ‘ರನ್ನಿಂಗ್ ಮೇಟ್’ ಜೊತೆಗೆ ಓಡುವವರಲ್ಲ, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ.

ಇಷ್ಟೆಲ್ಲ ಹೇಳಿದ್ದರಿಂದ ‘ಓಡು’ ಪದಕ್ಕೆ ಹೆದರುವಂತಾಗಬಾರದು. ಚಿತ್ರ ನೂರು ದಿನ ಓಡುತ್ತದೆ. ಪರೀಕ್ಷೆಯ ಕೋಣೆಯಲ್ಲಿ ತಲೆ ಓಡುವುದಿಲ್ಲ. ಮನಸ್ಸು ಊರ ಕಡೆ ಓಡುತ್ತದೆ. ಕನ್ನಡ ತಾನಾಗಿ ಒಪ್ಪಿಕೊಂಡ ಕಡೆ ಧೈರ್ಯವಾಗಿ ಬಳಸಿ.

## ಹಂತ 4: ತಾನಾಗಿಯೋ, ಯಾರಾದರೂ ಮಾಡುವುದೋ?

ಇಂಗ್ಲಿಷಿನಲ್ಲಿ ಅಂಗಡಿಯೂ ‘ರನ್’ ಆಗುತ್ತದೆ, ಅಂಗಡಿಯ ಒಡತಿಯೂ ಅದನ್ನು ‘ರನ್’ ಮಾಡುತ್ತಾಳೆ. ಪದದ ರೂಪ ಬದಲಾಗುವುದಿಲ್ಲ. ಕನ್ನಡದಲ್ಲಿ ಬದಲಾಗಲೇಬೇಕು: ನಡೆ-ನಡೆಸು, ಓಡು-ಓಡಿಸು, ಹರಿ-ಹರಿಸು. ಕರ್ಮಪದ ಇದ್ದರೆ ‘ಇಸು’ ಹಚ್ಚಬೇಕೇ ಎಂದು ಕೇಳಿಕೊಳ್ಳಿ.

ಕರ್ಮಣಿ ವಾಕ್ಯ ಕಂಡರೆ ಇನ್ನಷ್ಟು ಜಾಗ್ರತೆ. ‘ಶಿಬಿರವು ಪಂಚಾಯಿತಿಯಿಂದ ನಡೆಸಲ್ಪಡುತ್ತದೆ’ ಎಂದು ಬರೆಯುವ ಬದಲು ‘ಶಿಬಿರವನ್ನು ಪಂಚಾಯಿತಿ ನಡೆಸುತ್ತದೆ’ ಎಂದರೆ ಮುಗಿಯಿತು. ‘ಸ್ಟೇಟ್-ರನ್’ ಕಂಪನಿ ಎಂದರೆ ಸರ್ಕಾರಿ ಕಂಪನಿ.

## ಹಂತ 5: ಕರ್ತೃವಿನ ಜಾಗ ಬದಲಿಸಿ

ಸರಿಯಾದ ಕ್ರಿಯಾಪದ ಸಿಕ್ಕ ಮೇಲೂ ವಾಕ್ಯ ಕುಂಟುತ್ತಿದ್ದರೆ ಕಾರಣ ಸಾಮಾನ್ಯವಾಗಿ ಕರ್ತೃ. ಇಂಗ್ಲಿಷಿನಲ್ಲಿ ಅವಳು ಜ್ವರವನ್ನು ‘ರನ್’ ಮಾಡುತ್ತಾಳೆ. ಕನ್ನಡದಲ್ಲಿ ಅವಳು ಏನನ್ನೂ ಮಾಡುವುದಿಲ್ಲ, ಅವಳಿಗೆ ಜ್ವರ ಬರುತ್ತದೆ. ಕರ್ತೃ ಚತುರ್ಥಿಗೆ ಹೋಗಬೇಕು. ಅಕ್ಕಿ ಮುಗಿದಾಗ ‘ನಾವು’ ಎಂಬುದೇ ಮಾಯವಾಗುತ್ತದೆ. ‘ರನ್ಸ್ ಇನ್ ದ ಫ್ಯಾಮಿಲಿ’ ಬಂದರೆ, ಸಕ್ಕರೆ ಕಾಯಿಲೆ ಅವರ ಮನೆತನದಲ್ಲೇ ಇದೆ ಎನ್ನಿ. ಕುಟುಂಬದೊಳಗೆ ಅದನ್ನು ಓಡಾಡಿಸಬೇಡಿ.

## ಹಂತ 6: ತಪ್ಪಾದರೆ ನೋವಾಗುವ ಕಡೆ ಎರಡು ಸಲ ನೋಡಿ

ಕಥೆಯಲ್ಲಿ ತಪ್ಪಾದರೆ ವಾಕ್ಯ ಕೆಡುತ್ತದೆ. ನ್ಯಾಯಾಲಯ, ಆಸ್ಪತ್ರೆ, ಕರಾರುಪತ್ರಗಳಲ್ಲಿ ತಪ್ಪಾದರೆ ಬದುಕಿಗೇ ತೊಂದರೆ.

ತೀರ್ಪಿನ ಸುದ್ದಿಯಲ್ಲಿ ಶಿಕ್ಷೆಗಳು ‘ರನ್ ಕನ್‌ಕರೆಂಟ್ಲಿ’ ಎಂದಿದ್ದರೆ ಎಲ್ಲ ಶಿಕ್ಷೆಗಳೂ ಏಕಕಾಲಕ್ಕೆ ಜಾರಿಯಾಗುತ್ತವೆ. ‘ಕನ್ಸೆಕ್ಯುಟಿವ್ಲಿ’ ಎಂದಿದ್ದರೆ ಒಂದು ಮುಗಿದ ನಂತರ ಇನ್ನೊಂದು. ಮೂರು ವರ್ಷ ಮತ್ತು ಐದು ವರ್ಷದ ಎರಡು ಶಿಕ್ಷೆಗಳಿದ್ದರೆ ಮೊದಲ ಬಗೆಯಲ್ಲಿ ಒಟ್ಟು ಐದು ವರ್ಷ, ಎರಡನೆಯ ಬಗೆಯಲ್ಲಿ ಎಂಟು. ಹಿಂದೊಮ್ಮೆ ನಾನು ಇಂಥ ಸುದ್ದಿಯಲ್ಲಿ ‘ಒಟ್ಟಿಗೆ ಎರಡೂ ಶಿಕ್ಷೆ ಅನುಭವಿಸಬೇಕು’ ಎಂದು ಬರೆದು ಬಿಟ್ಟಿದ್ದೆ. ಓದಿದವರು ಎಂಟು ವರ್ಷ ಎಂದುಕೊಂಡರು. ಅಂದಿನಿಂದ ‘ಒಟ್ಟಿಗೆ’ ಎಂಬ ಪದವನ್ನು ಇಲ್ಲಿ ಬಳಸುವುದಿಲ್ಲ. ‘ಏಕಕಾಲಕ್ಕೆ’ ಎಂದು ಬರೆದು, ಒಟ್ಟು ಎಷ್ಟು ವರ್ಷ ಎಂಬುದನ್ನು ತೀರ್ಪು ನೋಡಿ ಸೇರಿಸುತ್ತೇನೆ.

ಬಾಡಿಗೆ ಕರಾರು 11 ತಿಂಗಳು ‘ರನ್’ ಆಗುತ್ತದೆ ಎಂದರೆ ಅಷ್ಟು ಕಾಲ ಜಾರಿಯಲ್ಲಿರುತ್ತದೆ. ಯಾವ ದಿನಾಂಕದಿಂದ ಎಂಬುದನ್ನು ಬಿಡಬೇಡಿ. ಜಮೀನಿನ ಪತ್ರದಲ್ಲಿ ಒಂದು ಷರತ್ತು ‘ರನ್ಸ್ ವಿತ್ ದ ಲ್ಯಾಂಡ್’ ಎಂದಿದ್ದರೆ, ಜಮೀನು ಯಾರ ಕೈಗೆ ಹೋದರೂ ಷರತ್ತು ಜಮೀನಿನ ಜೊತೆಗೇ ಹೋಗುತ್ತದೆ. ಕೊಂಡವರೂ ಅದಕ್ಕೆ ಬದ್ಧರು. ನಾಲ್ಕೇ ಪದಗಳು, ಆದರೆ ಕನ್ನಡದಲ್ಲಿ ಪೂರ್ತಿ ವಾಕ್ಯ ಬೇಕು. ಚಿಕ್ಕದಾಗಿ ಹೇಳಲು ಹೋಗಿ ಅರ್ಥ ಕಳೆಯಬೇಡಿ. ಗಡುವಿನ ಲೆಕ್ಕದಲ್ಲಿ ಕಾಲ ‘ರನ್’ ಆಗತೊಡಗುತ್ತದೆ ಎಂದರೆ ದಿನಗಳ ಎಣಿಕೆ ಅಂದಿನಿಂದ ಶುರು.

ಆಸ್ಪತ್ರೆಯಲ್ಲಿ ‘ದ ರನ್ಸ್’ ಎಂದು ಬಹುವಚನದಲ್ಲಿ ಕೇಳಿಬಂದರೆ ಭೇದಿ ಎಂದರ್ಥ. ಇಂಗ್ಲೆಂಡ್, ಅಮೆರಿಕಗಳಲ್ಲಿ ಮಕ್ಕಳ ಮನೆಗೆ ಹೋಗಿರುವ ಹಿರಿಯರಿಗಾಗಿ ದುಭಾಷಿಯಾಗಿ ನಿಲ್ಲುವವರು ಇದನ್ನು ತಿಳಿದಿರಲೇಬೇಕು. ವೈದ್ಯರು ಕೆಲವು ಟೆಸ್ಟ್ ‘ರನ್’ ಮಾಡುತ್ತೇವೆ ಎಂದರೆ ಪರೀಕ್ಷೆ ಮಾಡಿಸುತ್ತೇವೆ ಎಂದು.

## ‘ರನ್’ ಅನ್ನು ಹಾಗೆಯೇ ಉಳಿಸುವುದು ಎಲ್ಲಿ?

ಕ್ರಿಕೆಟ್ಟಿನಲ್ಲಿ ರನ್, ರನ್ ಔಟ್, ರನ್ ರೇಟ್ ಎಲ್ಲವೂ ಕನ್ನಡದ್ದೇ ಆಗಿಹೋಗಿವೆ. ಬಡಗಿಯೂ ಗಾರೆಯವನೂ ‘ರನ್ನಿಂಗ್ ಫೂಟ್’ ಲೆಕ್ಕದಲ್ಲಿಯೇ ಕೂಲಿ ಹೇಳುತ್ತಾರೆ. ಕಂಪ್ಯೂಟರಿನ ಪ್ರೋಗ್ರಾಂ ‘ರನ್ ಮಾಡಿ’ ಎಂಬುದೂ ಬಳಕೆಯಲ್ಲಿದೆ. ಇವನ್ನು ಬದಲಿಸಿದರೆ ಕೆಲಸ ಮಾಡುವವರಿಗೇ ಅರ್ಥವಾಗುವುದಿಲ್ಲ.

## ಹಂತ 7: ಇಂಗ್ಲಿಷನ್ನು ಮುಚ್ಚಿ ಓದಿ

ಮೂಲದ ಹಾಳೆಯನ್ನು ಬದಿಗಿಟ್ಟು ನಿಮ್ಮ ಕನ್ನಡವನ್ನು ಮಾತ್ರ ಗಟ್ಟಿಯಾಗಿ ಓದಿ. ಸಾಧ್ಯವಾದರೆ ಇಂಗ್ಲಿಷ್ ಓದದ ಒಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ ‘ಅಂದರೆ?’ ಎಂದು ಕೇಳುತ್ತಾರೋ ಅಲ್ಲಿ ಗುರುತು ಹಾಕಿ. ಕೆಲವು ಚಿಹ್ನೆಗಳನ್ನು ನೀವೇ ಹಿಡಿಯಬಹುದು:

- ಕಾಲೂ ಚಕ್ರವೂ ಇಲ್ಲದ್ದು ಓಡುತ್ತಿದೆ.
- ‘ಹೊರಗೆ’, ‘ಮೇಲೆ’, ‘ಒಳಗೆ’ ಎಂಬ ಪದ ಕಾರಣವಿಲ್ಲದೆ ವಾಕ್ಯದಲ್ಲಿ ಕೂತಿದೆ. ಬಾಲವನ್ನು ಬಿಡಿಸಿ ಅನುವಾದಿಸಿದ್ದೀರಿ. ಹಂತ 1ಕ್ಕೆ ಹಿಂದಿರುಗಿ.
- ‘-ಲ್ಪಡು’ ಬಂದಿದೆ. ಹಂತ 4ನ್ನು ಮತ್ತೆ ನೋಡಿ.
- ವಾಕ್ಯ ಅರ್ಥವಾಗಲು ಇಂಗ್ಲಿಷ್ ಮೂಲವನ್ನು ಊಹಿಸಿಕೊಳ್ಳಬೇಕಾಗಿದೆ.

ಅನುಮಾನ ಉಳಿದರೆ ನೀವು ಆರಿಸಿದ ಕನ್ನಡ ಪದವನ್ನು ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿ. ಅಲ್ಲಿ ಕೊಟ್ಟಿರುವ ಅರ್ಥ ಮೂಲದ ಸಂದರ್ಭಕ್ಕೆ ಹತ್ತಿರವಾಗಿದ್ದರೆ ಸಾಕು. ‘ರನ್’ ಎಂಬ ಪದವೇ ಅಲ್ಲಿ ಸಿಗಬೇಕೆಂದಿಲ್ಲ.

## ಒಂದು ಪೂರ್ತಿ ಉದಾಹರಣೆ

ಅಭ್ಯಾಸಕ್ಕೆಂದು ನಾನು ಕೊಡುವ ಒಂದು ಭಾಗದಲ್ಲಿ ‘ರನ್’ ಏಳು ಬಾರಿ ಬರುತ್ತದೆ. ಒಬ್ಬ ಹೆಂಗಸು ಬಸ್ ನಿಲ್ದಾಣದ ಬಳಿ ಚಿಕ್ಕ ಖಾನಾವಳಿಯನ್ನು ‘ರನ್ಸ್’. ಕೊಳವೆಬಾವಿ ‘ರನ್ ಡ್ರೈ’. ಗ್ಯಾಸ್ ‘ರನ್ ಔಟ್’. ದಿನಸಿ ಅಂಗಡಿಯಲ್ಲಿ ಸಾಲ ‘ರನ್ ಅಪ್’. ಮಗನಿಗೆ ಮೂರು ದಿನ ‘ರನ್ನಿಂಗ್’ ಜ್ವರ, ಅದೂ ಇಂಗ್ಲಿಷಿನಲ್ಲಿ ಅವನೇ ‘ರನ್ನಿಂಗ್’ ಮಾಡಿದ್ದು. ಕೊನೆಗೆ ಅವಳು ಔಷಧಿ ಅಂಗಡಿಗೆ ‘ರ‍್ಯಾನ್’.

ಮೊದಲು ಬಾಲಗಳಿಗೆ ವೃತ್ತ ಹಾಕಿದರೆ ಮೂರು ಬಿಡಿಸಿಕೊಂಡವು: ಬತ್ತು, ಮುಗಿ, ಬೆಳೆ. ಎಣಿಕೆಯ ಹಿಂದಿನ ‘ರನ್ನಿಂಗ್’ ಸತತವಾಯಿತು. ಖಾನಾವಳಿಗೆ ಕರ್ಮಪದದ ಕಾರಣ ‘ನಡೆಸು’. ಜ್ವರದ ವಾಕ್ಯದಲ್ಲಿ ಮಗ ಚತುರ್ಥಿಗೆ ಹೋದ. ಉಳಿದದ್ದು ಒಂದು, ಅದರ ಕರ್ತೃವಿಗೆ ಕಾಲುಗಳೂ ಇವೆ, ಅವಸರವೂ ಇದೆ. ಹೀಗೆ ಸಿದ್ಧವಾಯಿತು:

‘ಅವಳು ಬಸ್ ನಿಲ್ದಾಣದ ಬಳಿ ಚಿಕ್ಕ ಖಾನಾವಳಿ ನಡೆಸುತ್ತಾಳೆ. ಬೇಸಿಗೆಗೆ ಕೊಳವೆಬಾವಿ ಬತ್ತಿತು. ಅದೇ ವಾರ ಗ್ಯಾಸ್ ಮುಗಿಯಿತು. ದಿನಸಿ ಅಂಗಡಿಯ ಸಾಲ ಬೆಳೆದಿತ್ತು. ಮಗನಿಗೆ ಸತತ ಮೂರು ದಿನದಿಂದ ಜ್ವರ. ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿದವಳೇ ಔಷಧಿ ಅಂಗಡಿಗೆ ಓಡಿದಳು.’